ಠ_ಠ ಮತ್ತು ಒಡೆದ ಬ್ಯಾನರ್: ಎರಡು ನಗುವಿನ ಹಿಂದಿನ ಒಂದೇ ಲೆಕ್ಕ

ಕಲಬುರಗಿಯಲ್ಲಿ ಲೋಗೊ, ಲಗ್ನಪತ್ರಿಕೆ, ಇನ್‌ಸ್ಟಾಗ್ರಾಂ ಪೋಸ್ಟು, ಚುನಾವಣೆ ಬ್ಯಾನರು ಎಲ್ಲವನ್ನೂ ಒಂದೇ ಕೋಣೆಯಲ್ಲಿ ಕೂತು ಮಾಡುವ ಡಿಜಿಟಲ್ ಏಜೆನ್ಸಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ಬಗೆಯ ತಮಾಷೆ ಸದಾ ಓಡಾಡುತ್ತಿರುತ್ತವೆ. ಒಂದು, ರಸ್ತೆ ಬದಿಯ ಫ್ಲೆಕ್ಸಿನಲ್ಲೋ ಬಿಲ್ಲಿನಲ್ಲೋ ಕಂಡ ಒಡೆದ ಕನ್ನಡದ ಫೋಟೊ. ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಂತಿರುತ್ತದೆ, ಹೆಸರಿನ ಜಾಗದಲ್ಲಿ ಸಾಲಾಗಿ ಡಬ್ಬಿಗಳಿರುತ್ತವೆ. ಇನ್ನೊಂದು, ಕನ್ನಡದ ಗಂಧವೇ ಇಲ್ಲದ ಯಾರೋ ವಿದೇಶಿ ಒಂದು ವಿಡಿಯೊ ಕೆಳಗೆ ಬರೆದು ಹೋದ ಠ_ಠ.

ಮೊದಲನೆಯದು ನಮ್ಮ ಅಕ್ಷರವನ್ನು ಯಂತ್ರ ಕೆಡಿಸಿದ್ದು, ಎರಡನೆಯದು ಪರದೇಶದವರು ನಮ್ಮ ಅಕ್ಷರದಲ್ಲಿ ಮುಖ ಕಂಡದ್ದು. ಎರಡಕ್ಕೂ ಬೇರು ಒಂದೇ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದರ ನಂಬರು ಗೊತ್ತು. ನಂಬರಿನಿಂದ ಅಕ್ಷರದವರೆಗಿನ ದಾರಿಯಲ್ಲಿ ಎಡವುವ ಜಾಗಗಳು ಬೆರಳೆಣಿಕೆಯಷ್ಟು ಮಾತ್ರ. ಎಲ್ಲಿ ಎಡವಿತು ಎಂಬುದನ್ನು ಒಡೆದ ಅಕ್ಷರದ ಮುಖ ನೋಡಿಯೇ ಹೇಳಬಹುದು. ಆ ದಾರಿಯನ್ನು ತೋರಿಸಲು ಠ_ಠಕ್ಕಿಂತ ಒಳ್ಳೆಯ ಪರೀಕ್ಷಾ ತುಣುಕು ಇಲ್ಲ.

ಹುಬ್ಬು, ಪಾಪೆ, ಬಾಯಿ

ಟೈಪ್ ಮಾಡುವ ಚಿಹ್ನೆಗಳಿಂದ ಮುಖ ಕಟ್ಟುವ ಚಟ ಹಳೆಯದು. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಎರಡು ಚುಕ್ಕಿ, ಅಡ್ಡಗೆರೆ, ಕಂಸ ಸೇರಿಸಿ :-) ಬರೆದರು. ಅದನ್ನು ನೋಡಲು ತಲೆ ವಾಲಿಸಬೇಕು. ನೆಟ್ಟಗೆ ನಿಂತ ಮುಖ ಬೇಕೆಂದವರು ಜಗತ್ತಿನ ಲಿಪಿಗಳನ್ನೆಲ್ಲ ಜಾಲಾಡಿದರು, ನಮ್ಮ ಠ ಸಿಕ್ಕಿತು. ಅವರು ಇದಕ್ಕೆ ಇಟ್ಟ ಹೆಸರು ‘ಲುಕ್ ಆಫ್ ಡಿಸ್‌ಅಪ್ರೂವಲ್’. ನಮ್ಮ ಮಾತಿನಲ್ಲಿ ದುರುಗುಟ್ಟಿ ನೋಡುವುದು.

ಠ ಅಕ್ಷರವನ್ನು ದೊಡ್ಡದು ಮಾಡಿ ನೋಡಿ. ದುಂಡನೆಯ ಹೊಟ್ಟೆ ಕಣ್ಣಾಯಿತು. ನಡುವಿನ ಚುಕ್ಕಿ ಪಾಪೆ. ಮೇಲಿನ ತಲೆಕಟ್ಟು ಹುಬ್ಬು, ಅದೂ ಕಮಾನಿಲ್ಲದೆ ಕಣ್ಣಿನ ಮೇಲೆ ಕೂತ ಹುಬ್ಬು. ಹಾಗೆ ಕೂತ ಹುಬ್ಬು ಯಾವ ಮುಖದಲ್ಲಿದ್ದರೂ ಅಸಮಾಧಾನವೇ. ನಡುವೆ ಒಂದು ಅಡಿಗೆರೆ ಹಾಕಿದರೆ ಬಿಗಿದ ಬಾಯಿ. ನೆರೆಯ ಲಿಪಿಗಳಲ್ಲಿ ಈ ಕೆಲಸ ಆಗುವುದಿಲ್ಲ. ತೆಲುಗಿನ ಠದಲ್ಲಿ ಚುಕ್ಕಿ ಇದೆ, ಆದರೆ ಅದರ ತಲೆಕಟ್ಟು ರೈಟು ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಹುಬ್ಬೇರಿಸಿದಂತೆ ಕಾಣುತ್ತದೆಯೇ ಹೊರತು ಸಿಟ್ಟು ಕಾಣುವುದಿಲ್ಲ. ಹಿಂದಿ, ಮರಾಠಿಯ ಠದಲ್ಲಿ ಚುಕ್ಕಿಯೇ ಇಲ್ಲ, ಪಾಪೆಯಿಲ್ಲದ ಕಣ್ಣು.

ಆ ಚುಕ್ಕಿಯ ಹಿಂದೊಂದು ಸ್ವಾರಸ್ಯವಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳು ಸಿಕ್ಕಿವೆಯಲ್ಲ, ಆ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಠ ಬರೀ ಒಂದು ಸೊನ್ನೆ. ನಡುವೆ ಚುಕ್ಕಿ ಇಟ್ಟ ಸೊನ್ನೆ ಥ. ಅಂದರೆ ಆಗ ಪಾಪೆ ಇದ್ದದ್ದು ಥಕಾರಕ್ಕೆ. ಇವತ್ತು ಥವನ್ನೂ ಅಂತರ್ಜಾಲದವರು ಬಿಟ್ಟಿಲ್ಲ: ಥ_ಥ ಅಂದರೆ ಅಳುಮುಖ, ಹೊಟ್ಟೆಯ ಕೆಳಗಿನ ಗೆರೆಯೇ ಕಣ್ಣೀರು. ಮೂರನೆಯ ಮುಖ ಇನ್ನೂ ಮಜವಾದದ್ದು: ಠ_ರೃ. ಒಂದು ಕಣ್ಣಿಗೆ ಮಾತ್ರ ಗಾಜು ಸಿಕ್ಕಿಸಿಕೊಂಡ ಹಳೇ ಕಾಲದ ದೊರೆ. ರ ಅಕ್ಷರ ಗಾಜು, ಅದಕ್ಕೆ ತೂಗುಬಿದ್ದ ಋಕಾರದ ಕೊಂಡಿ ಸರಪಳಿ. ಕನ್ನಡದಲ್ಲಿ ರೃ ಬರುವ ಪದ ಹುಡುಕಿದರೂ ಸಿಗುವುದು ಕಷ್ಟ, ಆದರೆ ಈ ಮುಖದ ದೆಸೆಯಿಂದ ಅದಕ್ಕೊಂದು ಉದ್ಯೋಗ ಸಿಕ್ಕಿದೆ.

ನಮಗೆ ಮಾತ್ರ ತಿಳಿಯುವ ನಗೆ ಇನ್ನೊಂದಿದೆ. ಕನ್ನಡದಲ್ಲಿ ಠದಿಂದ ಶುರುವಾಗುವ ಪದಗಳೇ ಕಡಿಮೆ. ಇರುವ ನಾಲ್ಕಾರರಲ್ಲಿ ಪೊಲೀಸ್ ಠಾಣೆ, ಬ್ಯಾಂಕಿನ ಠೇವಣಿ, ಪಂಚಾಯಿತಿಯ ಠರಾವು ಸೇರಿವೆ. ಮೂರೂ ಕಡೆ ಎದುರಿಗೆ ಕೂತವರು ನೋಡುವುದು ಇದೇ ಮುಖದಿಂದ.

3232

ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರಿದೆ. ಠದ ನಂಬರು 3232. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಆ ಪಟ್ಟಿಯಲ್ಲಿದೆ. ಭಾರತೀಯ ಲಿಪಿಗಳಿಗೆ ಅಲ್ಲಿ 128 ಮನೆಗಳ ಒಂದೊಂದು ಓಣಿ. ಓಣಿ ಬೇರೆಯಾದರೂ ಮನೆಗಳ ಸಾಲು ಒಂದೇ, ಏಕೆಂದರೆ ಭಾರತದ ‘ಇಸ್ಕಿ’ ಮಾನಕದ ಕ್ರಮವನ್ನೇ ಯೂನಿಕೋಡ್ ಎತ್ತಿಕೊಂಡಿತು. ತೆಲುಗಿನ ಠ 3104. ಅದಕ್ಕೆ 128 ಕೂಡಿಸಿ, ಕನ್ನಡದ ಠ ಬಂತು. ಹಿಂದಿಯ ಠ 2336. ಅದಕ್ಕೆ 128ರ ಏಳು ಪಟ್ಟು, ಅಂದರೆ 896 ಕೂಡಿಸಿದರೂ ಅದೇ 3232. ಸೇಡಂ, ಗುರುಮಠಕಲ್ ಕಡೆಯ ತೆಲುಗು ಹೆಸರುಗಳ ಪಟ್ಟಿಯನ್ನು ಕನ್ನಡಕ್ಕೆ ತರಬೇಕಾದರೆ ಪ್ರತಿ ನಂಬರಿಗೂ 128 ಕೂಡಿಸುವ ಎರಡು ಸಾಲಿನ ಪ್ರೋಗ್ರಾಂ ಮುಕ್ಕಾಲು ಕೆಲಸ ಮುಗಿಸುತ್ತದೆ. ಉಳಿದ ಕಾಲು ಭಾಗಕ್ಕೆ ಕಣ್ಣು ಬೇಕು, ಎರಡು ಭಾಷೆಯ ಕಾಗುಣಿತದ ರೂಢಿ ಒಂದೇ ಅಲ್ಲ.

ನಂಬರು ಗೊತ್ತಿದ್ದರೆ ಕೀಬೋರ್ಡ್ ಇಲ್ಲದೆಯೂ ಅಕ್ಷರ ತರಬಹುದು. ವರ್ಡಿನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಬದಿಯ ನಂಬರ್ ಪ್ಯಾಡಿನಲ್ಲಿ 3232 ಒತ್ತಿ ಬಿಟ್ಟರೆ ಠ. ವೆಬ್ ಪುಟದ ಕೋಡಿನಲ್ಲಾದರೆ ಠ ಎಂದು ಬರೆದರೆ ಸಾಕು. ಹಳೆಯ ನೋಟ್‌ಪ್ಯಾಡಿನಲ್ಲಿ ಆಲ್ಟ್ ಉಪಾಯ ನಡೆಯದು. ಅದು 255ಕ್ಕಿಂತ ದೊಡ್ಡ ನಂಬರನ್ನು 256ರಿಂದ ಭಾಗಿಸಿ ಶೇಷ 160ನ್ನಷ್ಟೇ ಇಟ್ಟುಕೊಂಡು ಬೇರೆ ಏನನ್ನೋ ಕೊಡುತ್ತದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ, ಅಂದರೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಶಿಫ್ಟ್ ಜತೆ ಕ್ಯೂ. ಸರ್ಕಾರಿ ಮಾನಕದ ಇನ್‌ಸ್ಕ್ರಿಪ್ಟ್ ಕೀಲಿಮಣೆಯವರಿಗೆ ಎಂಟರ್ ಪಕ್ಕದ ಉದ್ಧರಣ ಚಿಹ್ನೆಯ ಕೀಲಿ, ಶಿಫ್ಟ್ ಸಮೇತ.

ಸಣ್ಣ ಎ, ದೊಡ್ಡ ಎ

ಈಗ ಒಡೆಯುವ ಕಥೆಗೆ ಬರೋಣ. 3232 ಎಂಬ ನಂಬರು ಫೈಲಿನೊಳಗೆ ಹಾಗೇ ಕೂರುವುದಿಲ್ಲ. ಫೈಲಿನ ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಜಾಗ. ಆದ್ದರಿಂದ ಯುಟಿಎಫ್-8 ಎಂಬ ಕಟ್ಟುವ ವಿಧಾನದಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟು ಬೇಕು. ಠಕ್ಕೆ 224, 178, 160. ಅಡಿಗೆರೆಗೆ ಒಂದೇ ಬೈಟು. ಒಟ್ಟು ಠ_ಠ ಅಂದರೆ ಏಳು ಬೈಟು.

ಇದು ಯುಟಿಎಫ್-8 ಎಂದು ತಿಳಿಯದ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಯುರೋಪಿನ ಅಕ್ಷರವೆಂದು ಓದುತ್ತದೆ. 224 ಎಂದರೆ ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ ಎ. 178 ಎಂದರೆ ವರ್ಗ ಮಾಡುವಾಗ ಮೇಲೆ ಬರೆಯುವ ಪುಟಾಣಿ 2. 160 ಕಣ್ಣಿಗೆ ಕಾಣದ ಖಾಲಿ ಜಾಗ. ಕನ್ನಡದ ಓಣಿಯ ಮೊದಲರ್ಧದ ಎಲ್ಲ ಅಕ್ಷರಗಳೂ 224, 178ರಿಂದ ಶುರು, ಉಳಿದರ್ಧ 224, 179ರಿಂದ. 179 ಎಂದರೆ ಪುಟಾಣಿ 3. ಹಾಗಾಗಿ ಗೆರೆ ಹೊತ್ತ ಸಣ್ಣ ಎ, ಅದರ ಬೆನ್ನಿಗೆ ಪುಟಾಣಿ 2 ಅಥವಾ 3 ಹೆಜ್ಜೆಗೊಮ್ಮೆ ಕಂಡರೆ ಅದು ಕನ್ನಡವೇ. ಅಕ್ಷರ ಹಾಳಾಗಿಲ್ಲ, ಓದಿದ್ದು ತಪ್ಪಾಗಿದೆ.

ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಬೋರ್ಡಿಗೇರುವ ಬೀದರಿನಂಥ ಊರಲ್ಲಿ ಈ ಗುರುತು ಇನ್ನೂ ಉಪಯೋಗಕ್ಕೆ ಬರುತ್ತದೆ. ಅದೇ ಸಣ್ಣ ಎ ಬೆನ್ನಿಗೆ ಉಷ್ಣತೆಯ ಡಿಗ್ರಿ ಸೊನ್ನೆಯೋ ಕೂಡು-ಕಳೆ ಎರಡೂ ಸೇರಿದ ಗುರುತೋ ಇದ್ದರೆ ಮೂಲ ತೆಲುಗು. ಜಪಾನಿನ ಯೆನ್ ನಾಣ್ಯದ ಗುರುತು ಪದೇ ಪದೇ ಕಂಡರೆ ಮರಾಠಿ ಅಥವಾ ಹಿಂದಿ. ಸಣ್ಣ ಎ ಇಲ್ಲವೇ ಇಲ್ಲ, ಅಡ್ಡಗೆರೆಯಿಂದ ಸೀಳಿದ ಸೊನ್ನೆ ಮತ್ತು ತಲೆಗೆರೆಯ ದೊಡ್ಡ ಯು ತುಂಬಿವೆ ಎಂದರೆ ಉರ್ದು. ಫೈಲು ಸರಿಪಡಿಸುವ ಮೊದಲೇ ಯಾವ ಭಾಷೆಯ ಅನುವಾದಕರಿಗೆ ಫೋನ್ ಮಾಡಬೇಕೆಂದು ಗೊತ್ತಾಗುತ್ತದೆ.

ಇದು ಅತಿ ಹೆಚ್ಚು ಆಗುವುದು ಎಕ್ಸೆಲಿನಲ್ಲಿ. ಗ್ರಾಹಕರ ಹೆಸರಿನ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು ಹಳೇ ಯುರೋಪಿನ ಪಟ್ಟಿಯೆಂದೇ ಊಹಿಸಿಬಿಡುತ್ತದೆ. ಬದಲಿಗೆ ಖಾಲಿ ಹಾಳೆ ತೆರೆದು ‘ಡೇಟಾ’ ಟ್ಯಾಬಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ‘ಫೈಲ್ ಆರಿಜಿನ್’ ಪಟ್ಟಿಯಲ್ಲಿ 65001 ಎಂದಿರುವ ಯುಟಿಎಫ್-8ರ ಸಾಲು ಹಿಡಿಯಿರಿ. ಕನ್ನಡ ನೆಟ್ಟಗೆ ಬರುತ್ತದೆ. ಕೆಟ್ಟು ಕಂಡ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಸೇವ್ ಮಾಡಬೇಡಿ. ಅಲ್ಲಿಯವರೆಗೆ ಬರೀ ತಪ್ಪು ಓದು, ಸೇವ್ ಆದಮೇಲೆ ಅದೇ ಬರಹ. ಇನ್ನು ಸಾಲು ಪೂರ್ತಿ ಪ್ರಶ್ನೆ ಚಿಹ್ನೆಗಳೇ ಕಂಡರೆ ಕೈಬಿಡಿ. ಹಿಡಿಯದ ಅಕ್ಷರವನ್ನೆಲ್ಲ ತಂತ್ರಾಂಶ ‘?’ ಎಂದೇ ಬರೆದಿಟ್ಟಿದೆ, ಮೂಲ ಫೈಲು ಇನ್ನೊಮ್ಮೆ ತರಿಸುವುದೊಂದೇ ದಾರಿ.

ದೊಡ್ಡ ಎ ಕಥೆ ಬೇರೆ. ಫ್ಲೆಕ್ಸ್ ಅಂಗಡಿಯಿಂದ ಬಂದ ಬರಹವನ್ನು ವಾಟ್ಸಾಪಿಗೆ ಅಂಟಿಸಿದಾಗ ಓರೆಗೆರೆ ಹೊತ್ತ ಇಂಗ್ಲಿಷಿನ ದೊಡ್ಡ ಎ ಮೇಲಿಂದ ಮೇಲೆ ಬರುತ್ತಿದ್ದರೆ ಅದು ನುಡಿಯ ಹಳೇ ಫಾಂಟಿನ ಬರಹ. ಅಲ್ಲಿ ಕನ್ನಡದ ನಂಬರುಗಳೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳ ಚಿತ್ರ ಕೂರಿಸಿದ್ದಾರೆ. ‘ಕನ್ನಡ’ ಎಂಬ ಪದ ಆ ಫೈಲಿನಲ್ಲಿ ನಿಜವಾಗಿ ಹೀಗಿರುತ್ತದೆ: ದೊಡ್ಡ ಪಿ, ಗೆರೆಯ ಎ, ಬ್ರಿಟನ್ನಿನ ಪೌಂಡ್ ಗುರುತು, ಗೆರೆಯ ಎ, ಜರ್ಮನ್ನರ ಬಿಯಂಥ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೆರೆಯ ಎ. ಏಳು ಚೂರು. ಪಿ ಜಾಗದಲ್ಲಿ ಕಕಾರದ ಒಡಲು, ಜರ್ಮನ್ ಅಕ್ಷರದ ಜಾಗದಲ್ಲಿ ನಒತ್ತು. ಆ ಗೆರೆಯ ಎ ಬೇರೇನೂ ಅಲ್ಲ, ತಲೆಕಟ್ಟು. ಠ ಎಂದರೆ ಅಲ್ಲಿ ಇಂಗ್ಲಿಷಿನ ಸಣ್ಣ ಓ ಮತ್ತು ಅದರ ಮುಂದೆ ಈ ಎ. ಕಣ್ಣೊಂದು ಕಡೆ, ಹುಬ್ಬೊಂದು ಕಡೆ.

ಅಂಥ ಬರಹಕ್ಕೆ 65001 ಮದ್ದಲ್ಲ. ಒಂದೋ ನುಡಿ ಫಾಂಟ್ ಹಾಕಿಯೇ ನೋಡಬೇಕು, ಇಲ್ಲವೇ ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳಬೇಕು. ಹಾಯಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಅರ್ಕಾವತ್ತು ಹಳೇ ಪದ್ಧತಿಯಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು, ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಕೂರಿಸಿಬಿಡುತ್ತದೆ. ಎರಡನೆಯದು, ನಡುವೆ ನಿಜವಾದ ಇಂಗ್ಲಿಷ್ ಇದ್ದರೆ, ಇಮೇಲ್ ವಿಳಾಸವೋ ವೆಬ್‌ಸೈಟೋ, ಅದೂ ಕನ್ನಡದ ಕಲಸುಮೇಲೋಗರವಾಗುತ್ತದೆ. ಪರಿವರ್ತಿಸುವ ಮೊದಲೇ ಅವುಗಳನ್ನು ಕತ್ತರಿಸಿ ಪಕ್ಕಕ್ಕಿಡುವುದು ಜಾಣತನ.

ಬೈಟಿನ ಲೆಕ್ಕ ದುಡ್ಡಿಗೂ ತಾಗುತ್ತದೆ. ಇಂಗ್ಲಿಷಿನ ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶ ಇನ್ನೊಂದು ವಿಧಾನಕ್ಕೆ ಹೊರಳಿ ಮಿತಿ 70ಕ್ಕೆ ಇಳಿಯುತ್ತದೆ, ತುಂಡಾದರೆ ತುಂಡಿಗೆ 67. ಬಟ್ಟೆ ಅಂಗಡಿಯ 150 ಅಕ್ಷರದ ಇಂಗ್ಲಿಷ್ ಆಫರಿನ ಕೊನೆಗೆ ತಮಾಷೆಗೆಂದು ಒಂದು ಖಾಲಿ ಜಾಗ ಬಿಟ್ಟು ಠ_ಠ ಹಾಕಿದರೆ ಒಟ್ಟು 154. ಒಂದು ಎಸ್‌ಎಂಎಸ್ ಇದ್ದದ್ದು ಮೂರಾಯಿತು, ಬಿಲ್ಲೂ ಮೂರು ಪಟ್ಟು. ಪೂರ್ತಿ ಕನ್ನಡದಲ್ಲೇ ಕಳಿಸುವವರು ಮಾತ್ರೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸಬೇಕು: ‘ಕಲಬುರಗಿ’ ಬಾಯಲ್ಲಿ ಐದು ಅಕ್ಷರ, ಲೆಕ್ಕದಲ್ಲಿ ಏಳು. ‘ರಾಷ್ಟ್ರಕೂಟ’ ಬಾಯಲ್ಲಿ ನಾಲ್ಕು, ಲೆಕ್ಕದಲ್ಲಿ ಹತ್ತು.

ಗುಲ್ಬರ್ಗಾ ಪರೀಕ್ಷೆ

ನಂಬರು ಸರಿಯಾಗಿ ತಲುಪಿತು ಅಂದುಕೊಳ್ಳಿ. ಇನ್ನು ಅದಕ್ಕೊಂದು ಚಿತ್ರ ಬೇಕು, ಅದೇ ಫಾಂಟು. ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಯಂತ್ರ ಬೇರೆ ಫಾಂಟಿನಿಂದ ಸಾಲ ತರುತ್ತದೆ. ಸಾಲವೂ ಹುಟ್ಟದಿದ್ದರೆ ಡಬ್ಬಿ. ಡಬ್ಬಿಯ ಮದ್ದು ಸುಲಭ: ಕನ್ನಡ ಇರುವ ಫಾಂಟ್ ಹಾಕಿ, ಅಷ್ಟೇ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಸೊಗಸೆಲ್ಲ ಇರುವುದು ಮುಂದಿನ ಹಂತದಲ್ಲಿ. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ನಂಬರಿಲ್ಲ. ನಒತ್ತು ಬೇಕಿದ್ದರೆ ಮೊದಲ ನ, ಆಮೇಲೆ ಅದರ ‘ಅ’ ಧ್ವನಿ ಕಳೆಯುವ 3277 ನಂಬರಿನ ಹಲಂತ, ಆಮೇಲೆ ಇನ್ನೊಂದು ನ. ಈ ಮೂರನ್ನು ಕಂಡು ಎರಡನೆಯ ನವನ್ನು ಕುಗ್ಗಿಸಿ ಕೆಳಗೆ ಕೂರಿಸಬೇಕಾದದ್ದು ಜೋಡಿಸುವ ಯಂತ್ರದ ಕೆಲಸ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸಿನಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದು ಫಾಂಟಿನೊಳಗಿನ ಕೋಷ್ಟಕ ನೋಡುತ್ತದೆ, ‘ಈ ಮೂರು ಒಟ್ಟಿಗೆ ಬಂದರೆ ಈ ಚಿತ್ರ ಹಾಕು’ ಎಂಬ ನಿಯಮ ಹುಡುಕುತ್ತದೆ, ಬೇಕಿದ್ದರೆ ಕ್ರಮವನ್ನೂ ಬದಲಿಸುತ್ತದೆ.

ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಊರಿನ ಹಳೇ ಹೆಸರಿಗಿಂತ ಒಳ್ಳೆಯ ಪದವಿಲ್ಲ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಕಲಬುರಗಿಯಲ್ಲಿ ಒಂದೂ ಒತ್ತಿಲ್ಲ. ಜೋಡಿಸುವ ಯಂತ್ರ ನಿದ್ದೆ ಮಾಡಿದರೂ ಕೊಂಬು, ಗುಡಿಸು ಒಂಚೂರು ಸರಿಯುತ್ತವೆ ಅಷ್ಟೇ, ಓದಬಹುದು. ‘ಗುಲ್ಬರ್ಗಾ’ ಹಾಗಲ್ಲ. ಮೂರು ಅಕ್ಷರಕ್ಕೆ ಒಂಬತ್ತು ನಂಬರು, ಒಂದು ಬಒತ್ತು, ಒಂದು ಅರ್ಕಾವತ್ತು. ಅರ್ಕಾವತ್ತಿನ ರ ಟೈಪ್ ಆಗುವುದು ಗಕ್ಕಿಂತ ಮೊದಲು, ಕಾಣಬೇಕಾದದ್ದು ಗಾ ಮುಗಿದ ಮೇಲೆ. ಯಂತ್ರ ಮಲಗಿದ್ದರೆ ಲಕಾರ ಹಲಂತ ಹೊತ್ತು ಒಂಟಿಯಾಗಿ ನಿಲ್ಲುತ್ತದೆ, ಬ ಅದರ ಕೆಳಗಿಳಿಯದೆ ಪಕ್ಕದಲ್ಲೇ ಪೂರ್ತಿ ಗಾತ್ರದಲ್ಲಿ ಕೂರುತ್ತದೆ, ರ್ ಮತ್ತು ಗಾ ಬೇರೆ ಬೇರೆಯಾಗುತ್ತವೆ. ಗ್ರಾಹಕರು “ಸರ, ಅಕ್ಷರ ಒಡದಾವ್ರಿ” ಅನ್ನುವುದು ಇದಕ್ಕೇ. ನಂಬರು ಸರಿ, ಫಾಂಟು ಸರಿ, ಜೋಡಣೆ ಇಲ್ಲ.

ಠ_ಠ ಈ ಪರೀಕ್ಷೆಯಲ್ಲಿ ಎಂದೂ ಸೋಲುವುದಿಲ್ಲ, ಅದರಲ್ಲಿ ಜೋಡಿಸುವುದೇ ಇಲ್ಲ. ಪರದೇಶದ ಹಳೇ ಕಂಪ್ಯೂಟರುಗಳಲ್ಲೂ ಅದು ಸಲೀಸಾಗಿ ಓಡಾಡಲು ಅದೂ ಒಂದು ಕಾರಣ. ಠ_ರೃ ಮಾತ್ರ ಸೋಲುತ್ತದೆ: ರ ಮತ್ತು ಋಕಾರದ ಚಿಹ್ನೆ ಎರಡು ನಂಬರು, 3248 ಮತ್ತು 3267. ಜೋಡಿಸದಿದ್ದರೆ ದೊರೆಯ ಸರಪಳಿ ಗಾಜಿನಿಂದ ಕಳಚಿ ಗಾಳಿಯಲ್ಲಿ ತೂಗುತ್ತದೆ. ಕೆಲವು ಕಡೆ ಚಿಹ್ನೆಯ ಜತೆಗೆ ಚುಕ್ಕಿಗಳ ಒಂದು ಉಂಗುರವೂ ಮೂಡುತ್ತದೆ. ‘ಈ ಚಿಹ್ನೆಗೆ ಆಸರೆಯ ವ್ಯಂಜನ ಸಿಗಲಿಲ್ಲ’ ಎಂದು ಯಂತ್ರ ಹೇಳುವ ರೀತಿ ಅದು. ಬ್ಯಾನರಿನಲ್ಲಿ ಆ ಉಂಗುರ ಕಂಡರೆ ಟೈಪ್ ಮಾಡಿದವರು ಎರಡು ಮಾತ್ರೆ ಒತ್ತಿದ್ದಾರೆ ಅಥವಾ ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ ಎಂದೇ ಅರ್ಥ.

ಮಲಗಿದ ಯಂತ್ರವನ್ನು ಎಬ್ಬಿಸುವ ಗುಂಡಿ ಅಡೋಬಿಯ ವಿನ್ಯಾಸ ತಂತ್ರಾಂಶಗಳಲ್ಲಿ ಇದೆ, ಕೈಗೆ ಸಿಗುವ ಜಾಗದಲ್ಲಿ ಮಾತ್ರ ಇಟ್ಟಿಲ್ಲ. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲಿನ ಮೂಲೆಯ ಮೆನು ತೆರೆದು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಇಲಸ್ಟ್ರೇಟರಿನಲ್ಲಿ ಮೊದಲು ‘ಪ್ರಿಫರೆನ್ಸಸ್’ನ ‘ಟೈಪ್’ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಟಿಕ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್. 2022ಕ್ಕಿಂತ ಹಳೆಯ ಫೋಟೊಶಾಪಿನಲ್ಲೂ ‘ಪ್ರಿಫರೆನ್ಸಸ್, ಟೈಪ್’ ಒಳಗೇ ಅಕ್ಷರ ಯಂತ್ರದ ಆಯ್ಕೆ. ಅದು ಹೊಸ ಪದರಗಳಿಗೆ ಅನ್ವಯ, ಹಿಂದೆ ಟೈಪ್ ಮಾಡಿದ ಪದರವನ್ನು ಪ್ಯಾರಾಗ್ರಾಫ್ ಮೆನುವಿನಿಂದಲೇ ಬದಲಿಸಬೇಕು. ಆಯ್ಕೆ ಬದಲಿಸಿಯೂ ಅಕ್ಷರ ಒಡೆದೇ ಇದ್ದರೆ ತಪ್ಪು ಫಾಂಟಿನದು. ಕೋಷ್ಟಕವಿಲ್ಲದ ಫಾಂಟಿನಿಂದ ಯಾವ ಯಂತ್ರವೂ ಒತ್ತು ಕೂಡಿಸಲಾರದು.

ಫ್ಲೆಕ್ಸ್ ಅಂಗಡಿಯವರು ಈಗಲೂ ನುಡಿಯ ಹಳೇ ಫಾಂಟನ್ನೇ ಹಿಡಿದುಕೊಂಡಿರುವುದು ಹಠದಿಂದಲ್ಲ. ಅವರ ಹಳೆಯ ಕೋರೆಲ್‌ಡ್ರಾಗೆ ಈ ಜೋಡಣೆ ಬಾರದು, ನುಡಿಯಲ್ಲಾದರೆ ಒತ್ತೂ ಒಂದು ಸಾಮಾನ್ಯ ಅಕ್ಷರವಾದ್ದರಿಂದ ಎಂಥ ತಂತ್ರಾಂಶದಲ್ಲೂ ಒಡೆಯದು. ಅವರಿಗೆ ಯೂನಿಕೋಡ್ ಫೈಲು ಕೊಡಬೇಕಾದಾಗ ಜಗಳವಾಡುವ ಬದಲು ಅಕ್ಷರವನ್ನೆಲ್ಲ ‘ಕ್ರಿಯೇಟ್ ಔಟ್‌ಲೈನ್ಸ್’ ಮಾಡಿ ಪಿಡಿಎಫ್ ಕೊಡಿ. ಅಕ್ಷರ ಬರೀ ಆಕಾರವಾಗುತ್ತದೆ, ಒಡೆಯಲು ಏನೂ ಉಳಿಯುವುದಿಲ್ಲ. ತಿದ್ದಲೂ ಏನೂ ಉಳಿಯುವುದಿಲ್ಲ ಎಂಬುದು ನೆನಪಿರಲಿ, ಮೂಲ ಫೈಲು ಬೇರೆ ಇಟ್ಟುಕೊಳ್ಳಿ.

ಎರಡು ಕಿರುಕುಳ ಇಲ್ಲೇ ಹೇಳಿಬಿಡಬೇಕು. ಇಂಗ್ಲಿಷ್ ಶೀರ್ಷಿಕೆಗೆ ಚೆಂದವೆಂದು ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಚಾಳಿ ಕನ್ನಡಕ್ಕೆ ಆಗಿಬರದು. ಒತ್ತು ತನ್ನ ಒಡೆಯನಿಂದ ದೂರ ಸರಿಯುತ್ತದೆ. ಟ್ರ್ಯಾಕಿಂಗ್ ಸೊನ್ನೆ ಇರಲಿ. ಮತ್ತೆ ಮಳಖೇಡದ ಪ್ರವಾಸಿ ಫಲಕ ಮಾಡುವವರು ‘ರಾಷ್ಟ್ರಕೂಟ’ದ ಷ್ಟ್ರ ನೋಡಿಕೊಳ್ಳಿ. ಟಒತ್ತು, ಅದರ ಜತೆ ರಒತ್ತು. ಇಂಗ್ಲಿಷಿನ ಅಭ್ಯಾಸದಲ್ಲಿ ಸಾಲಿನ ಎತ್ತರ 1.2 ಇಟ್ಟರೆ ರಒತ್ತು ಕೆಳಸಾಲಿನ ಗುಡಿಸಿಗೆ ಗುದ್ದುತ್ತದೆ, ವೆಬ್ಬಿನ ಬಟನ್ನಿನಲ್ಲಾದರೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. 1.6ರಿಂದ ಶುರು ಮಾಡಿ.

ಕಾಣದ ಜೋಡಕ

ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ, ಜಾಗ ತಿನ್ನದ ಎರಡು ನಂಬರುಗಳಿವೆ. 8204 ಬಿಡಿಸುತ್ತದೆ, 8205 ಬೆಸೆಯುತ್ತದೆ. 8204 ಇಲ್ಲದೆ ‘ಸಾಫ್ಟ್ವೇರ್’, ಇದ್ದರೆ ‘ಸಾಫ್ಟ್‌ವೇರ್’. 8205 ಬೇಕಾಗುವುದು ಚುನಾವಣೆ ಬಂದಾಗ: ಸುಮ್ಮನೆ ಟೈಪ್ ಮಾಡಿದರೆ ‘ರ್ಯಾಲಿ’ ಎಂದು ಅರ್ಕಾವತ್ತು ಹಾರಿ ಹೋಗಿ ಕೂರುತ್ತದೆ. ರ ಆದಮೇಲೆ, ಹಲಂತಕ್ಕೆ ಮೊದಲು 8205 ಸೇರಿಸಿದರೆ ‘ರ‍್ಯಾಲಿ’. ಕ್ರಮ ತಪ್ಪಿ ಹಲಂತದ ನಂತರ ಹಾಕಿದರೆ ಕೆಲಸವಾಗದು. ವರ್ಡಿನಲ್ಲಿ ಆಲ್ಟ್ ಜತೆ ಈ ನಂಬರು ಒತ್ತಬಹುದು. ಬೇಡವೆಂದರೆ ಎರಡೂ ಸರಿಯಾದ ಪದಗಳನ್ನು ಒಂದು ಫೈಲಿನಲ್ಲಿಟ್ಟು ಬೇಕಾದಾಗ ಕಾಪಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ವಾಟ್ಸಾಪಿನ ಅಪ್ಪ-ಅಮ್ಮ-ಮಗಳ ಎಮೊಜಿ ಇದೆಯಲ್ಲ, ಅದೂ ಒಂದೇ ಚಿತ್ರವಲ್ಲ. ಗಂಡಸು, 8205, ಹೆಂಗಸು, 8205, ಹುಡುಗಿ. ಹಳೇ ಫೋನಿಗೆ ಕಳಿಸಿ ನೋಡಿ, ಸಂಸಾರ ಬೇರೆಯಾಗಿ ಮೂವರೂ ಸಾಲಾಗಿ ನಿಲ್ಲುತ್ತಾರೆ. ನಮ್ಮ ರ‍್ಯಾಲಿಯನ್ನು ಉಳಿಸುವ ಅದೇ ಜೋಡಕ ಅವರ ಮನೆಯನ್ನೂ ಹಿಡಿದಿಟ್ಟಿದೆ.

ಈ ಕಾಣದ ನಂಬರುಗಳು ಎಂಥ ಅವಾಂತರ ಮಾಡಬಲ್ಲವು ಎಂಬುದಕ್ಕೆ 2018ರ ಫೆಬ್ರುವರಿ ಸಾಕ್ಷಿ. ತೆಲುಗಿನ ಜ, ಹಲಂತ, ಞ, ಆಮೇಲೆ 8204, ಆಮೇಲೆ ದೀರ್ಘ: ಈ ಐದರ ಸರಣಿ ಸಂದೇಶದಲ್ಲಿ ಬಂದರೆ ಐಒಎಸ್ 11.2.5 ಇದ್ದ ಐಫೋನಿನಲ್ಲಿ ಆ್ಯಪ್ ಕುಸಿಯುತ್ತಿತ್ತು. ಜೋಡಿಸುವ ಯಂತ್ರಕ್ಕೆ ಆ ಕ್ರಮ ಅರಗಲಿಲ್ಲ. ಅದೇ ತಿಂಗಳು 11.2.6 ಬಿಡುಗಡೆ ಮಾಡಿ ಆ್ಯಪಲ್ ಸರಿಪಡಿಸಿತು.

ಕಾಣುವ ಮೋಸವೂ ಒಂದಿದೆ, ಅದು ಇನ್ನೂ ಹೆಚ್ಚು ಕಾಡುತ್ತದೆ. ಅನುಸ್ವಾರ 3202, ಕನ್ನಡದ ಸೊನ್ನೆ ಅಂಕಿ 3302. ನೋಡಲು ಎರಡೂ ದುಂಡು. ‘ಆಳಂದ’ದಲ್ಲಿ ಅನುಸ್ವಾರದ ಬದಲು ಅಂಕಿ ಹಾಕಿ ‘ಆಳ೦ದ’ ಎಂದು ಬರೆದರೆ ಪೋಸ್ಟರಿನಲ್ಲಿ ಯಾರಿಗೂ ಗೊತ್ತಾಗದು, ಹುಡುಕಿದಾಗ ಆ ಊರೇ ಸಿಗದು. ಬರಹ ಮುಗಿದ ಮೇಲೆ ಅಂಕಿಸೊನ್ನೆಯನ್ನು ‘ಫೈಂಡ್’ನಲ್ಲಿ ಕೊಟ್ಟು ಒಮ್ಮೆ ಹುಡುಕಿ, ಅಂಕಿಗಳ ನಡುವೆ ಅಲ್ಲದೆ ಬೇರೆಲ್ಲಿ ಸಿಕ್ಕರೂ ಬದಲಿಸಿ.

ಸ್ಟಿಕರ್ ಮಾಡುವುದಾದರೆ

ಠ_ಠವನ್ನು ವಾಟ್ಸಾಪ್ ಸ್ಟಿಕರ್ ಮಾಡುವುದು ಅರ್ಧ ಗಂಟೆಯ ಕೆಲಸ, ಅಳತೆ ತಪ್ಪಬಾರದು ಅಷ್ಟೇ. ಕ್ಯಾನ್ವಾಸ್ 512ಕ್ಕೆ 512 ಪಿಕ್ಸೆಲ್, ಹಿನ್ನೆಲೆ ಪಾರದರ್ಶಕ. ನಾಲ್ಕೂ ಬದಿ 16 ಪಿಕ್ಸೆಲ್ ಬಿಡಿ, ಮುಖಕ್ಕೆ ಉಳಿಯುವುದು 480. ಅಡಿಗೆರೆಯೂ ಠವೂ ಒಂದೇ ಫಾಂಟಿನದಾಗಿರಲಿ. ಬಾಯಿ ಒಂದು ಫಾಂಟು, ಕಣ್ಣು ಒಂದು ಫಾಂಟಾದರೆ ಗೆರೆಯ ದಪ್ಪ ಹೊಂದದೆ ಮುಖ ಪೆಚ್ಚಾಗುತ್ತದೆ. ಗೂಗಲ್ ಫಾಂಟ್ಸಿನ ‘ಅನೇಕ್ ಕನ್ನಡ’ ಇದಕ್ಕೆ ಹೇಳಿಮಾಡಿಸಿದ್ದು. ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಜರುಗಿಸಬಹುದು. ಅಗಲ 125ಕ್ಕೆ ಎಳೆದರೆ ಕಣ್ಣು ಅರಳಿ ಬೆರಗು, 75ಕ್ಕೆ ಒತ್ತಿದರೆ ಕಿರಿದಾಗಿ ಅನುಮಾನ.

ಬೀದರಿನವರು ಇದನ್ನು ಬಿದರಿ ಬಣ್ಣದಲ್ಲಿ, ಕಪ್ಪು ಮೈ ಮೇಲೆ ಬೆಳ್ಳಿ ಗೆರೆಯಲ್ಲಿ ಮಾಡಲು ಆಸೆಪಡುವುದು ಸಹಜ. ಚೆಂದವೂ ಹೌದು. ಆದರೆ ಡಾರ್ಕ್ ಮೋಡಿನ ಚಾಟಿನಲ್ಲಿ ಕಪ್ಪು ಅಂಚು ಹಿನ್ನೆಲೆಗೆ ಕರಗಿಹೋಗುತ್ತದೆ. ಹೊರಗೆ ಸುತ್ತ 8 ಪಿಕ್ಸೆಲಿನ ಬಿಳಿ ಅಂಚು ಕೊಡಿ. ಉಳಿಸುವುದು ವೆಬ್‌ಪಿ ಎಂಬ ಚಿತ್ರ ಫೈಲಿನ ರೂಪದಲ್ಲಿ, ಅಲುಗದ ಸ್ಟಿಕರ್ 100 ಕೆಬಿ ದಾಟಬಾರದು, ಕಣ್ಣು ಮಿಟುಕಿಸುವ ಸ್ಟಿಕರಿಗೆ 500 ಕೆಬಿವರೆಗೆ ಅವಕಾಶ. ಒಂದು ಪ್ಯಾಕಿಗೆ ಕನಿಷ್ಠ 3, ಗರಿಷ್ಠ 30. ಪ್ಯಾಕಿನ ಗುರುತಿಗೆ 96ಕ್ಕೆ 96ರ ಪುಟ್ಟ ಚಿತ್ರ ಬೇರೆ ಬೇಕು. ಅಷ್ಟು ಚಿಕ್ಕದರಲ್ಲಿ ಎರಡು ಕಣ್ಣು ಹಿಡಿಸುವುದಿಲ್ಲ, ಒಂದು ಠ ಸಾಕು. ಚುಕ್ಕಿ ಮಾಯವಾಗದಂತೆ ದಪ್ಪ 700ರ ಮೇಲಿರಲಿ.

ಗ್ರಾಹಕರ ಪುಟದ ಪೋಸ್ಟಿನಲ್ಲಿ ಈ ಮುಖವನ್ನು ಅಕ್ಷರವಾಗಿಯೇ ಬರೆಯುವವರು ಒಂದು ವಿಷಯ ಗಮನಿಸಬೇಕು. ದೃಷ್ಟಿ ಇಲ್ಲದವರ ಫೋನಿನಲ್ಲಿ ಪರದೆ ಓದುವ ತಂತ್ರಾಂಶ ಮುಖವನ್ನು ಕಾಣುವುದಿಲ್ಲ, ಎದುರಿಗಿರುವ ಅಕ್ಷರವನ್ನು ಉಚ್ಚರಿಸಲು ಹೋಗುತ್ತದೆ. ಕನ್ನಡದ ಧ್ವನಿ ಇದ್ದರೆ ‘ಠ’ ಎನ್ನುತ್ತದೆ. ಅವರಿಗೆ ಅದು ದುರುಗುಟ್ಟುವ ಕಣ್ಣಲ್ಲ, ಮಗ್ಗಿ ಒಪ್ಪಿಸುವಾಗ ನಡುವೆ ತಡವರಿಸಿದ ಹುಡುಗನ ದನಿ. ಪೋಸ್ಟಿನ ಪಠ್ಯದಲ್ಲಿ ಬಿಟ್ಟು ಚಿತ್ರವಾಗಿ ಹಾಕಿ, ಇನ್‌ಸ್ಟಾಗ್ರಾಮಿನ ‘ಆಲ್ಟ್ ಟೆಕ್ಸ್ಟ್’ ಜಾಗದಲ್ಲಿ ‘ಹುಬ್ಬು ಗಂಟಿಕ್ಕಿ ನೋಡುವ ಮುಖ’ ಎಂದು ಬರೆಯಿರಿ.